ಮಕ್ಕಳ ಮಾತಿಗೂ ಒಂದು ಮಣೆ

ಹೊಸ ಮನೆ ಕಟ್ಟಿಸುವವರು ಗಾರೆಯವನನ್ನು ಕೇಳುತ್ತಾರೆ, ಬಡಗಿಯನ್ನು ಕೇಳುತ್ತಾರೆ, ಆಯ ನೋಡುವವರನ್ನು ಕೇಳುತ್ತಾರೆ. ಒಲೆ ಎಲ್ಲಿರಬೇಕು, ನೀರಿನ ತೊಟ್ಟಿ ಯಾವ ಕಡೆಗಿರಬೇಕು ಎಂದು ಮನೆಯ ಹೆಣ್ಣುಮಕ್ಕಳನ್ನು ಕೇಳದೆ ಕಟ್ಟಿಸಿದರೆ ಆಮೇಲೆ ದಿನ ಬೆಳಗಾದರೆ ಗೊಣಗಾಟ ತಪ್ಪಿದ್ದಲ್ಲ. ಬಳಸುವವರನ್ನು ಕೇಳಿ ಮಾಡಬೇಕೆಂಬುದು ಲೋಕವೆಲ್ಲ ಅರಿತಿರುವ ವಿವೇಕ. ಆದರೆ ಶಾಲೆಯ ವಿಷಯ ಬಂದಾಗ ಮಾತ್ರ ಸಮಾಜ ಈ ವಿವೇಕವನ್ನು ಬದಿಗಿಟ್ಟುಬಿಡುತ್ತದೆ.

ಶಾಲೆಗೊಂದು ಕೊಠಡಿ ಬೇಕೆಂದರೆ ಇಂಜಿನಿಯರರನ್ನು ಕೇಳುತ್ತೇವೆ. ಅನುದಾನಕ್ಕೆ ಸದಸ್ಯರನ್ನು ಕೇಳುತ್ತೇವೆ. ನಡೆಸುವ ರೀತಿಗೆ ಮುಖ್ಯೋಪಾಧ್ಯಾಯರನ್ನೂ ಇಲಾಖೆಯ ಅಧಿಕಾರಿಗಳನ್ನೂ ಕೇಳುತ್ತೇವೆ. ದಿನಕ್ಕೆ ಆರು ಗಂಟೆ ಆ ಗೋಡೆಗಳ ನಡುವೆ ಕೂರುವ, ಅಲ್ಲಿನ ನೀರು ಕುಡಿಯುವ, ಅಲ್ಲಿನ ಅನ್ನ ಉಣ್ಣುವ, ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದು ಸಂಜೆಯವರೆಗೆ ನೀರನ್ನೇ ಕುಡಿಯದೆ ತಡೆದುಕೊಳ್ಳುವ ಮಗುವನ್ನು ಮಾತ್ರ ಕೇಳುವವರಿಲ್ಲ. ಮಗು ಕೇಳಿಸಿಕೊಳ್ಳುವುದಕ್ಕೆ ಹುಟ್ಟಿದೆ, ಹೇಳುವುದಕ್ಕಲ್ಲ ಎಂಬ ಭಾವನೆ ಎಲ್ಲ ಕಡೆಯೂ ಬೇರೂರಿದೆ.

ಈ ಭಾವನೆಯಿಂದ ಆಗುವ ನಷ್ಟ ಸಣ್ಣದಲ್ಲ. ಕೆಲವು ಸಂಗತಿಗಳು ಮಗುವಿಗಲ್ಲದೆ ಬೇರೆ ಯಾರಿಗೂ ಗೊತ್ತಿರುವುದೇ ಇಲ್ಲ. ಯಾವ ನಲ್ಲಿಯ ಹತ್ತಿರ ದೊಡ್ಡ ಹುಡುಗರು ಸಣ್ಣವರನ್ನು ತಳ್ಳುತ್ತಾರೆ, ಶಾಲೆಗೆ ಬರುವ ದಾರಿಯಲ್ಲಿ ಯಾವ ತಿರುವಿನಲ್ಲಿ ಟಿಪ್ಪರ್ ಲಾರಿಗಳು ಮೈಮೇಲೆ ಬರುತ್ತವೆ, ಯಾವ ಮೂಲೆಯ ಅಂಗಡಿಯವನು ಮಕ್ಕಳ ಕೈಗೆ ಗುಟ್ಕಾ ಪೊಟ್ಟಣ ಕೊಡುತ್ತಾನೆ, ಯಾರ ಮಾತಿಗೆ ಹೆದರಿ ಮೂವರು ಹೆಣ್ಣುಮಕ್ಕಳು ಹೊಟ್ಟೆನೋವೆಂದು ಹೇಳಿ ಮನೆಯಲ್ಲಿ ಉಳಿದರು ಎಂಬುದು ಯಾವ ತಪಾಸಣಾ ವರದಿಯಲ್ಲೂ ಬರುವುದಿಲ್ಲ. ಅದು ಮಗುವಿನ ಎದೆಯಲ್ಲಿರುತ್ತದೆ. ಕೇಳುವ ಕಿವಿ ಸಿಗದಿದ್ದರೆ ಅಲ್ಲಿಯೇ ಉಳಿಯುತ್ತದೆ. ಒಂದು ದಿನ ಮಗು ಶಾಲೆಯನ್ನೇ ಬಿಡುತ್ತದೆ. ಆಗ ದೊಡ್ಡವರು, ಓದು ಅದರ ತಲೆಗೆ ಹತ್ತಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ.

ಈ ವಿಚಾರವನ್ನು ಜಗತ್ತಿನ ರಾಷ್ಟ್ರಗಳು ಒಟ್ಟಾಗಿ ಕೂತು ಚಿಂತಿಸಿದ್ದುಂಟು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ 12ನೆಯ ವಿಧಿಯ ಸಾರ ಇಷ್ಟೆ: ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ತನ್ನ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ಆ ಅಭಿಪ್ರಾಯಕ್ಕೆ ಅದರ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ಬೆಲೆ ಕೊಡತಕ್ಕದ್ದು. ನಮ್ಮ ದೇಶ 1992ರ ಡಿಸೆಂಬರ್ 11ರಂದು ಈ ಒಡಂಬಡಿಕೆಯನ್ನು ಒಪ್ಪಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಗು ಹೇಳಿದ್ದೆಲ್ಲ ನಡೆಯಬೇಕೆಂದು ಈ ವಿಧಿ ಹೇಳುವುದಿಲ್ಲ. ಮಗುವಿನ ಮಾತನ್ನು ಕೇಳಿ, ತೂಗಿ, ಆಮೇಲೆ ತೀರ್ಮಾನಿಸಬೇಕೆಂದು ಹೇಳುತ್ತದೆ. ಕೇಳುವುದು ಬೇರೆ, ಹೇಳಿದಂತೆ ಕುಣಿಯುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದವರೇ ಮಕ್ಕಳ ಮಾತೆಂದರೆ ಹೌಹಾರುತ್ತಾರೆ.

ನಮ್ಮ ನಾಡಿನಲ್ಲಿ ಈ ಕೆಲಸ ಹೊಸದೇನೂ ಅಲ್ಲ. ಕುಂದಾಪುರ ಸೀಮೆಯನ್ನು ನೋಡಬೇಕು. 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘವೆಂಬ ಸಂಘಟನೆ ಕಟ್ಟಿಕೊಂಡರು. ಅವರ ಬೆನ್ನಿಗೆ ನಿಂತದ್ದು 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಎಂಬ ಸಂಸ್ಥೆ. ಅದೇ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಶಾಲೆಗೆ ಹೋಗುವ ಮಕ್ಕಳೂ, ದನ ಮೇಯಿಸುವ, ಮನೆಗೆಲಸ ಮಾಡುವ ಮಕ್ಕಳೂ ಕೂಡಿ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. ತಮ್ಮ ಊರಿನ ಕೊರತೆಗಳನ್ನು ತಾವೇ ಮನೆಮನೆ ತಿರುಗಿ ಬರೆದುಕೊಂಡರು. ಮಲೆನಾಡಿನ ಸೆರಗಿನ ಆ ಊರುಗಳಲ್ಲಿ ಮಳೆಗಾಲ ಬಂತೆಂದರೆ ಹಳ್ಳಗಳು ತುಂಬಿ ಹರಿದು ಶಾಲೆಯ ದಾರಿ ಮುಚ್ಚಿಹೋಗುತ್ತದೆ. ದೊಡ್ಡವರ ಪಟ್ಟಿಯಲ್ಲಿ ದೊಡ್ಡ ರಸ್ತೆ, ಸಮುದಾಯ ಭವನಗಳಿದ್ದರೆ, ಮಕ್ಕಳು ಕೇಳಿದ್ದು ಕಾಲುಸಂಕವನ್ನು. ಎರಡು ದಡದ ನಡುವೆ ಒಬ್ಬ ನಡೆದು ಹೋಗುವಷ್ಟು ಅಗಲದ ಪುಟ್ಟ ಸೇತುವೆ ಅದು. ಅದಿಲ್ಲದೆ ಎಷ್ಟು ದಿನ ಶಾಲೆ ತಪ್ಪುತ್ತದೆಂಬ ಲೆಕ್ಕ ದಡದಲ್ಲಿ ನಿಂತ ಮಗುವಿಗೆ ಗೊತ್ತು.

ಆ ಮಕ್ಕಳ ಪಂಚಾಯಿತಿಗಳಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯಿತ್ತು. ಮಕ್ಕಳು ತಮಗೆ ನಂಬಿಕೆಯಿರುವ ಹಿರಿಯರೊಬ್ಬರನ್ನು ತಾವೇ ಆರಿಸಿಕೊಂಡು 'ಮಕ್ಕಳ ಮಿತ್ರ' ಎಂದು ಕರೆಯುತ್ತಿದ್ದರು. ಅಧಿಕಾರಿಗಳ ಮುಂದೆ ಹೇಳಲಾಗದ ಮಾತನ್ನು ಆ ಮಿತ್ರರ ಮುಂದೆ ಹೇಳಬಹುದಿತ್ತು. ಊರಿನ ಹಿರಿಯರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನಾವು ಬಯಸುತ್ತೇವೆ. ಮಕ್ಕಳು ದೊಡ್ಡವರನ್ನು ಹೊರಗಿಟ್ಟು ಸಭೆ ಕಟ್ಟಲಿಲ್ಲ. ಹಿರಿಯರಲ್ಲಿ ಯಾರು ಕೇಳಬಲ್ಲರೋ ಅಂಥವರನ್ನು ಹುಡುಕಿಕೊಂಡರು.

ಇಂಥ ಅನುಭವಗಳು ಬೆಳೆದು ಮುಂದೆ ಸರ್ಕಾರದ ಬಾಗಿಲನ್ನೂ ತಟ್ಟಿದವು. 2006ರ ಹೊತ್ತಿನಿಂದ ಕರ್ನಾಟಕದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ಬಂದಿದೆ. ಅದು ಸಾಮಾನ್ಯವಾಗಿ ನವೆಂಬರಿನ ಮಕ್ಕಳ ದಿನಾಚರಣೆಯ ಆಚೀಚೆ ನಡೆಯುತ್ತದೆ. ಪಂಚಾಯಿತಿಯ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ, ಶಾಲೆ, ಅಂಗನವಾಡಿ, ಆರೋಗ್ಯ, ಪೊಲೀಸು ಮುಂತಾದ ಇಲಾಖೆಯವರು ಕೂತು ಮಕ್ಕಳ ಪ್ರಶ್ನೆ ಕೇಳಬೇಕು. ಇಂಥ ಸಭೆಗಳಲ್ಲಿ ಮಕ್ಕಳು ಎದ್ದು ಕೇಳುವುದು ಏನನ್ನು? ಶಾಲೆಗೆ ಕಾಂಪೌಂಡು ಇಲ್ಲ, ದನ ನುಗ್ಗುತ್ತವೆ. ಶೌಚಾಲಯವಿದೆ, ನೀರಿಲ್ಲ. ಗ್ರಂಥಾಲಯದ ಬೀಗ ತೆಗೆಯುವವರಿಲ್ಲ. ಸಂಜೆ ಆಟದ ಮೈದಾನದಲ್ಲಿ ಕುಡುಕರು ಕೂರುತ್ತಾರೆ, ಬೆಳಿಗ್ಗೆ ಬಾಟಲಿ ಚೂರು ಕಾಲಿಗೆ ಚುಚ್ಚುತ್ತದೆ. ಇವುಗಳಲ್ಲಿ ಯಾವುದು ಉದ್ಧಟತನದ ಮಾತು? ಊರಿನ ಗೌಡರು ಕೇಳಬೇಕಾಗಿದ್ದ ಪ್ರಶ್ನೆಗಳನ್ನೇ ಐದನೆಯ ತರಗತಿಯ ಮಗು ಕೇಳುತ್ತಿದೆ.

ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ವಾಸಿಸುವ ಸದ್ಭಕ್ತರು ಈ ವಿಷಯವನ್ನು ಇನ್ನೂ ಒಂದು ಕಾರಣಕ್ಕೆ ಯೋಚಿಸಬೇಕಾಗಿದೆ. ಒಂದು ಕಾಲದಲ್ಲಿ ಯಲಹಂಕ, ಹೆಬ್ಬಾಳ, ಯಶವಂತಪುರದ ಸುತ್ತಲೂ ರಾಗಿ ಹೊಲ, ದ್ರಾಕ್ಷಿ ತೋಟ, ಕೆರೆಕಟ್ಟೆಗಳ ಹಳ್ಳಿಗಳಿದ್ದವು. ಯಲಹಂಕ ಮತ್ತು ಬ್ಯಾಟರಾಯನಪುರದ ನಗರಸಭೆಗಳು 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿಹೋದವು. ಅವುಗಳ ಜೊತೆಗೆ ಎಷ್ಟೋ ಹಳ್ಳಿಗಳೂ ವಾರ್ಡುಗಳಾದವು. ರಾಜಾನುಕುಂಟೆ, ಹೆಸರಘಟ್ಟದಂಥ ಕಡೆ ಗ್ರಾಮ ಪಂಚಾಯಿತಿಯ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಅಧ್ಯಕ್ಷರ ಮುಂದೆ ನಿಂತು ಪ್ರಶ್ನೆ ಕೇಳುವ ಅವಕಾಶ ಕಾಗದದ ಮೇಲಾದರೂ ಇದೆ. ಅಲ್ಲಿಂದ ಬಸ್ಸು ಹತ್ತಿ ಸ್ವಲ್ಪ ದೂರ ಬಂದರೆ ಸಿಗುವ ವಾರ್ಡಿನ ಮಗುವಿಗೆ ಗ್ರಾಮಸಭೆಯೇ ಇಲ್ಲ, ಇನ್ನು ಮಕ್ಕಳ ಗ್ರಾಮಸಭೆ ಎಲ್ಲಿಂದ ಬರಬೇಕು? ಊರು ಪೇಟೆಯಾಯಿತು, ರಸ್ತೆ ಅಗಲವಾಯಿತು, ಮೇಲುಸೇತುವೆ ಬಂತು. ಆದರೆ ಹಳ್ಳಿಯ ಮಗುವಿಗಿರುವ ಒಂದು ಸೌಭಾಗ್ಯ ನಗರದ ಮಗುವಿಗೆ ದಕ್ಕಲಿಲ್ಲ.

ಶಾಲೆಯೊಳಗೆ ಏನಿದೆ ಎಂದು ನೋಡೋಣ. 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಎಂಬ ಸಮಿತಿಗಳು ಬಂದವು. ಪೋಷಕರಿಗೆ ಶಾಲೆಯ ಆಡಳಿತದಲ್ಲಿ ಪಾಲು ಸಿಕ್ಕಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಾಗ, ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಾಯಿತು. ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳು ಉಳಿದ ಕಾಲು ಪಾಲಿನಲ್ಲಿ ಸ್ಥಳೀಯ ಶಿಕ್ಷಣ ಬಲ್ಲವರಿಗೆ ಅಥವಾ ಆ ಶಾಲೆಯ ಮಕ್ಕಳಿಗೂ ಜಾಗ ಕೊಡಬಹುದೆಂದು ಹೇಳಿವೆ. ಅಂದರೆ ಮಗು ಸಮಿತಿಯಲ್ಲಿ ಕೂರಬಹುದೆಂಬ ಮಾತನ್ನು ಕಾನೂನು ಬಲ್ಲವರೇ ಒಪ್ಪಿದ್ದಾರೆ. ಆದರೆ ಸರ್ಕಾರದ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಸಮಿತಿಯ ಕಟ್ಟುಪಾಡೇ ಇಲ್ಲ. ಸಾಲ ಸೋಲ ಮಾಡಿ ಶುಲ್ಕ ಕಟ್ಟುವ ತಂದೆತಾಯಿಗಳಿಗೇ ಅಲ್ಲಿ ಮಾತಿಲ್ಲವೆಂದ ಮೇಲೆ ಮಗುವಿನ ಮಾತು ದೂರವೇ ಉಳಿಯಿತು.

ಇನ್ನು ಶಾಲಾ ಮಂತ್ರಿಮಂಡಲ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೇಲೆ ನಾಡಿನ ಬಹುಪಾಲು ಶಾಲೆಗಳಲ್ಲಿ ಮಕ್ಕಳ ಚುನಾವಣೆ ನಡೆಯುತ್ತದೆ. ನಾಮಪತ್ರ, ಪ್ರಚಾರ, ಮತದಾನ, ಎಣಿಕೆ ಎಲ್ಲವೂ ಇರುತ್ತವೆ. ಸಮಾಜ ವಿಜ್ಞಾನದ ಮೇಷ್ಟರು ಚುನಾವಣಾಧಿಕಾರಿ. ಬೆರಳಿಗೆ ಶಾಯಿ ಹಾಕಿಸಿಕೊಂಡ ಮಗು ಸಂಭ್ರಮದಿಂದ ಮನೆಗೆ ಬಂದು ತೋರಿಸುತ್ತದೆ. ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ, ಆಹಾರ ಮಂತ್ರಿ, ವಿರೋಧ ಪಕ್ಷದ ನಾಯಕ, ಎಲ್ಲರೂ ಪ್ರಮಾಣವಚನ ಸ್ವೀಕರಿಸುತ್ತಾರೆ. ಇದು ನೋಡಲು ಚೆಂದ, ಕಲಿಯಲು ಒಳ್ಳೆಯದು. ಆದರೆ ಆಗಸ್ಟ್ ತಿಂಗಳ ಹೊತ್ತಿಗೆ ಆ ಮಂತ್ರಿಗಳು ಏನು ಮಾಡುತ್ತಿದ್ದಾರೆಂದು ವಿಚಾರಿಸಬೇಕು. ಸ್ವಚ್ಛತಾ ಮಂತ್ರಿ ಕಸ ಗುಡಿಸುತ್ತಿದ್ದರೆ, ಶಿಸ್ತಿನ ಮಂತ್ರಿ ಮಾತಾಡಿದವರ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದರೆ, ಮಂತ್ರಿಮಂಡಲದ ಸಭೆ ಒಮ್ಮೆಯೂ ಸೇರದಿದ್ದರೆ, ಅದು ಮಂತ್ರಿಮಂಡಲವಲ್ಲ. ಕೈಗೆ ಪೊರಕೆ ಕೊಟ್ಟು ಮಂತ್ರಿಯೆಂದು ಕರೆದರೆ ಮಗು ಮಂತ್ರಿಯಾಗುವುದಿಲ್ಲ. ಕಸ ಗುಡಿಸುವುದು ಕೀಳು ಕೆಲಸವೆಂದು ನಾವು ಹೇಳುತ್ತಿಲ್ಲ, ಕಾಯಕದಲ್ಲಿ ಮೇಲು ಕೀಳಿಲ್ಲ. ಗುಡಿಸಿದ ಕೈ, ಕಸದ ಬುಟ್ಟಿ ಎಲ್ಲಿಡಬೇಕೆಂದು ಹೇಳಿದರೆ ಕೇಳಬೇಕೆಂಬುದಷ್ಟೆ ನಮ್ಮ ಮಾತು.

ಕೇಳದೆ ಮಾಡಿದ ವಾದ ಹೇಗೆ ನಡೆಯುತ್ತದೆಂಬುದಕ್ಕೆ ನಾಡು ಕಂಡ ಒಂದು ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾಗದು. 2021ರ ಡಿಸೆಂಬರಿನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕ ಹಾಗೂ ವಿಜಯಪುರ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡಲು ತೊಡಗಿತು. ಕೆಲವು ಮಠಾಧೀಶರು ವಿರೋಧಿಸಿದರು, ಕೆಲವರು ಬೆಂಬಲಿಸಿದರು. ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಚರ್ಚೆ ಬಿಸಿಯಾಯಿತು. ಆಗ ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಎದ್ದು, ಉಣ್ಣುವವರು ನಾವು, ನಮ್ಮನ್ನು ಕೇಳಿ ಎಂಬ ಅರ್ಥದಲ್ಲಿ ಖಾರವಾಗಿಯೇ ಮಾತಾಡಿದಳು. ಅವಳ ಮಾತು ನಾಡಿನ ತುಂಬ ಹರಡಿತು. ಆಹಾರದ ಬಗ್ಗೆ ಅವರವರ ಮನೆತನದ ಆಚಾರ ಅವರವರಿಗಿದೆ, ಅದನ್ನಿಲ್ಲಿ ತೀರ್ಮಾನಿಸುವ ಉದ್ದೇಶ ನಮಗಿಲ್ಲ. ಆದರೆ ಆ ಬಾಲಕಿ ಕೇಳಿದ ಮೂಲ ಪ್ರಶ್ನೆಗೆ ಉತ್ತರ ಹೇಳಲೇಬೇಕು. ತಟ್ಟೆಯ ಮುಂದೆ ಕೂತ ಮಗುವಿನ ಹಸಿವಿನ ಬಗ್ಗೆ ಹೊಟ್ಟೆ ತುಂಬಿದ ದೊಡ್ಡವರು ವಾರಗಟ್ಟಲೆ ಮಾತಾಡುವಾಗ, ಆ ಮಗುವನ್ನು ಮೊದಲೇ ಕೇಳಿದವರು ಎಷ್ಟು ಮಂದಿ? ಮೊದಲೇ ಮೆಲ್ಲಗೆ ಕೇಳಿದ್ದರೆ ಆಮೇಲೆ ಅವಳು ಗಟ್ಟಿಯಾಗಿ ಕೂಗಬೇಕಾಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ಹಿರಿಯರ ಮನಸ್ಸಿನಲ್ಲಿ ಒಂದು ಶಂಕೆ ಉಳಿಯುವುದು ಸಹಜ. ಮಕ್ಕಳಿಗೆ ಸದರ ಕೊಟ್ಟರೆ ತಲೆಯ ಮೇಲೆ ಕೂರುವುದಿಲ್ಲವೆ? ಗುರುವಿನ ಭಯ ಹೋದರೆ ವಿದ್ಯೆ ಬರುವುದೆಂತು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಈ ಶಂಕೆ ಹುಸಿಯಲ್ಲ. ಇದಕ್ಕೆ ಉತ್ತರ ಹುಡುಕಲು ಪೋಲೆಂಡ್ ದೇಶದ ವಾರ್ಸಾ ನಗರದ ಕಡೆ ನೋಡಬೇಕು.

ಯಾನುಷ್ ಕೊರ್ಚಾಕ್ ಎಂಬ ವೈದ್ಯರು 1912ರಿಂದ ಅಲ್ಲಿ ಅನಾಥ ಮಕ್ಕಳ ನಿಲಯವೊಂದನ್ನು ನಡೆಸಿದರು. ಆ ನಿಲಯದಲ್ಲಿ ಮಕ್ಕಳದೇ ಒಂದು ನ್ಯಾಯಾಲಯವಿತ್ತು. ಮಕ್ಕಳೇ ನ್ಯಾಯಾಧೀಶರು. ಆ ವಾರ ಯಾರ ಮೇಲೆ ದೂರಿಲ್ಲವೋ ಅವರ ಹೆಸರುಗಳಲ್ಲಿ ಚೀಟಿ ಎತ್ತಿ ಆರಿಸುತ್ತಿದ್ದರು. ಆ ನ್ಯಾಯಾಲಯದ ನಿಯಮಗಳಲ್ಲಿ ಮೊದಲ ತೊಂಬತ್ತೊಂಬತ್ತೂ ಕ್ಷಮೆಯ ದಾರಿಗಳೇ. ಇದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಆರು ತಿಂಗಳಲ್ಲಿ ಐದು ಸಲ ಸ್ವತಃ ಕೊರ್ಚಾಕರೇ ಆ ಮಕ್ಕಳ ಕಟಕಟೆಯಲ್ಲಿ ನಿಂತರು. ಹುಡುಗನೊಬ್ಬನ ಕಿವಿಗೆ ಹೊಡೆದದ್ದು, ಹುಡುಗಿಯೊಬ್ಬಳ ಮೇಲೆ ಕಳ್ಳತನದ ಅಪವಾದ ಹೊರಿಸಿದ್ದು, ಇಂಥವು ಅವರ ಮೇಲಿದ್ದ ದೂರುಗಳು. ದೊಡ್ಡವರಿಗೂ ನಿಯಮವಿದೆಯೆಂದು ಕಂಡ ಮಕ್ಕಳು ನಿಯಮವನ್ನು ಗೌರವಿಸಲು ಕಲಿತರು. ಹಾಗೆಂದು ಗುರುವಿನ ಗೌರವ ಕಡಿಮೆಯಾಯಿತೆ? 1942ರ ಆಗಸ್ಟಿನಲ್ಲಿ ನಾಜಿಗಳು ಆ ನಿಲಯದ ಸುಮಾರು 200 ಯಹೂದಿ ಮಕ್ಕಳನ್ನು ಸಾವಿನ ಶಿಬಿರಕ್ಕೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೊರ್ಚಾಕರು ಮಕ್ಕಳ ಕೈ ಬಿಡದೆ ಅವರೊಂದಿಗೇ ನಡೆದು ಅವರೊಂದಿಗೇ ಮಡಿದರು. ಮಕ್ಕಳ ಮುಂದೆ ತಲೆ ತಗ್ಗಿಸಬಲ್ಲ ಗುರುವೇ ಮಕ್ಕಳಿಗಾಗಿ ತಲೆ ಕೊಡಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ದೇಶದಲ್ಲೂ ರಾಜಸ್ಥಾನದ ತಿಲೋನಿಯಾ ಸುತ್ತಮುತ್ತ, ಹಗಲೆಲ್ಲ ಆಡು ಕುರಿ ಮೇಯಿಸಿ ರಾತ್ರಿ ಶಾಲೆಗೆ ಬರುವ ಮಕ್ಕಳು 1993ರಿಂದ ತಮ್ಮದೇ ಸಂಸತ್ತು ನಡೆಸಿದ್ದಾರೆ. ಶಿಕ್ಷಕರು ಹೊತ್ತಿಗೆ ಬರುತ್ತಾರೆಯೆ, ದೀಪವಿದೆಯೆ, ನೀರಿದೆಯೆ ಎಂದು ನೋಡುವುದು ಆ ಸಂಸತ್ತಿನ ಕೆಲಸ. ಕತ್ತಲಲ್ಲಿ ಓದುವ ಮಗುವಿಗಲ್ಲವೆ ದೀಪದ ಬೆಲೆ ಗೊತ್ತು?

ಬಗ್ಗುವುದೆಂದರೆ ಬೆತ್ತಕ್ಕೆ ಬಗ್ಗುವುದೊಂದೇ ಅಲ್ಲ. ಹೊಣೆಗೆ ಹೆಗಲು ಕೊಡುವುದೂ ಬಗ್ಗುವುದೇ. ಗಿಡವಾಗಿದ್ದಾಗ ಸಭೆಯಲ್ಲಿ ಸರದಿ ಕಾಯುವುದನ್ನು, ಇನ್ನೊಬ್ಬರ ಮಾತು ಮುಗಿಯುವವರೆಗೆ ಸುಮ್ಮನಿರುವುದನ್ನು, ತನಗೆ ವಿರುದ್ಧವಾದ ತೀರ್ಮಾನವನ್ನೂ ಒಪ್ಪುವುದನ್ನು ಕಲಿಯದ ಮಗು, ಮರವಾದ ಮೇಲೆ ಪಂಚಾಯಿತಿ ಸಭೆಯಲ್ಲಿ ಕುರ್ಚಿ ಎತ್ತಿ ಎಸೆಯದೆ ಇನ್ನೇನು ಮಾಡೀತು? ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಬೆತ್ತ ಹೋದ ಜಾಗದಲ್ಲಿ ಮಾತು ಬರಬೇಕು. ಎರಡೂ ಇಲ್ಲದ ಶಾಲೆಯಲ್ಲಿ ಗದ್ದಲವೊಂದೇ ಉಳಿಯುತ್ತದೆ.

ಕಿರಿಯರ ಮಾತಿಗೆ ಮನ್ನಣೆ ಕೊಡುವುದು ನಮ್ಮ ಪರಂಪರೆಗೆ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗನೂ, ಅಕ್ಕಿ ಆಯುವ ತಾಯಿಯೂ ಅನುಭಾವದ ಮಾತಾಡಿದರು. ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಕಿರಿಯರು. ಆದರೂ ಹಿರಿಯ ಶರಣರು ಅವರ ಜ್ಞಾನಕ್ಕೆ ತಲೆಬಾಗಿದರು. ಆ ಹಿರಿಯರು ಮೊದಲು ಕಿವಿಗೊಟ್ಟು ಕೇಳಿದ್ದರಿಂದಲೇ ಆ ಜ್ಞಾನ ಹೊರಗೆ ಬಂತೆಂಬುದನ್ನು ಮರೆಯಬಾರದು.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಖರ್ಚಿನ ಕೆಲಸ ಯಾವುದೂ ಇಲ್ಲ. ಶಾಲೆಯ ಮಂತ್ರಿಮಂಡಲ ತಿಂಗಳಿಗೊಮ್ಮೆ ಸಭೆ ಸೇರಲಿ. ಮಕ್ಕಳು ಹೇಳಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಆ ಪುಸ್ತಕವನ್ನು ಎಸ್.ಡಿ.ಎಂ.ಸಿ. ಸಭೆಯಲ್ಲಿ ಓದಿ, ಪ್ರತಿಯೊಂದು ಮಾತಿನ ಎದುರಿಗೆ ಉತ್ತರ ಬರೆಯಲಿ. ಆಗುವುದಾದರೆ ಯಾವಾಗ, ಆಗದಿದ್ದರೆ ಏಕೆ ಎಂದು ಮಕ್ಕಳಿಗೆ ತಿಳಿಸಲಿ. ಆಗುವುದಿಲ್ಲವೆಂಬ ಉತ್ತರವನ್ನೂ ಮಗು ತಡೆದುಕೊಳ್ಳುತ್ತದೆ. ಉತ್ತರವೇ ಬರದಿದ್ದರೆ ಅದರ ಮನಸ್ಸು ಮುದುಡುತ್ತದೆ. ಆಟದ ಸಾಮಾನು, ಗ್ರಂಥಾಲಯದ ವೇಳೆ, ಶಾಲಾ ವಾರ್ಷಿಕೋತ್ಸವ, ಕೈತೋಟ ಇಂಥವನ್ನು ಮಕ್ಕಳೇ ತೀರ್ಮಾನಿಸಲಿ. ಪಾಠ, ಪರೀಕ್ಷೆ, ಮಕ್ಕಳ ಸುರಕ್ಷತೆಯ ಹೊಣೆ ದೊಡ್ಡವರ ಮೇಲೆಯೇ ಇರಲಿ. ಆದರೆ ಅಲ್ಲಿಯೂ ಕೇಳಿ ತೀರ್ಮಾನಿಸಲಿ.

ಎಷ್ಟೋ ಶಾಲೆಗಳ ಗೋಡೆಯ ಮೇಲೆ ದೂರು ಪೆಟ್ಟಿಗೆಯೊಂದು ತೂಗುತ್ತಿರುತ್ತದೆ. ಅದರ ಬೀಗದ ಕೈ ಯಾರ ಹತ್ತಿರವಿದೆ, ಕಡೆಯ ಸಲ ಯಾವಾಗ ತೆಗೆದರು ಎಂದು ಕೇಳಿ ನೋಡಬೇಕು. ಯಾರ ಮೇಲೆ ದೂರಿದೆಯೋ ಅವರ ಜೇಬಿನಲ್ಲೇ ಬೀಗದ ಕೈ ಇದ್ದರೆ ಆ ಪೆಟ್ಟಿಗೆಗೆ ಯಾವ ಮಗುವೂ ಚೀಟಿ ಹಾಕುವುದಿಲ್ಲ. ಶಾಲೆಯವರಲ್ಲದ ಪೋಷಕರೊಬ್ಬರು, ತಾಯಂದಿರಲ್ಲಿ ಒಬ್ಬರು ಎದುರಿಗಿದ್ದು ಅದನ್ನು ತೆಗೆಯಬೇಕು. ಹೇಳಲಾಗದ ಸಂಕಟವಿದ್ದರೆ ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಪ್ರತಿ ಮಗುವಿಗೂ ಬಾಯಿಪಾಠ ಮಾಡಿಸಬೇಕು. ಮಠ ಮಾನ್ಯಗಳು ನಡೆಸುವ ಶಾಲೆಗಳೂ ಪ್ರಸಾದ ನಿಲಯಗಳೂ ಇದಕ್ಕೆ ಹೊರತಲ್ಲ. ತಂದೆತಾಯಿಯನ್ನು ಬಿಟ್ಟು ನಮ್ಮನ್ನು ನಂಬಿ ಬಂದ ಮಗುವಿಗೆ ಅನ್ನ, ಅಕ್ಷರ, ಆಶ್ರಯಗಳ ಜೊತೆಗೆ ಕೇಳುವ ಕಿವಿಯನ್ನೂ ದಾಸೋಹವೆಂದೇ ತಿಳಿದು ಕೊಡಬೇಕು.

ಹಳ್ಳಿಯ ಹಿರಿಯರಿಗೆ ನಮ್ಮದೊಂದು ವಿಶೇಷ ವಿಜ್ಞಾಪನೆ. ತಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಯಾವ ದಿನವೆಂದು ತಿಳಿದುಕೊಂಡು ತಾವು ಹೋಗಿ ಕೂರಬೇಕು. ಭಾಷಣ ಮಾಡಬೇಕಾಗಿಲ್ಲ, ಹಾರ ಹಾಕಿಸಿಕೊಳ್ಳಬೇಕಾಗಿಲ್ಲ. ಕಳೆದ ವರ್ಷ ಈ ಮಕ್ಕಳು ಕೇಳಿದ್ದರಲ್ಲಿ ಯಾವುದಾಯಿತು, ಯಾವುದಾಗಲಿಲ್ಲ ಎಂಬ ಒಂದೇ ಪ್ರಶ್ನೆಯನ್ನು ತಾವು ಎದ್ದು ಕೇಳಿದರೆ ಸಾಕು. ತಲೆ ನೆರೆತವರು ಬೆನ್ನಿಗಿದ್ದಾರೆಂದು ತಿಳಿದರೆ ಮಕ್ಕಳ ದನಿ ನಡುಗುವುದಿಲ್ಲ, ಅಧಿಕಾರಿಗಳ ಉತ್ತರ ಜಾರುವುದಿಲ್ಲ. ಪೇಟೆಯಲ್ಲಿರುವವರು ತಮ್ಮ ಬಡಾವಣೆಯ ಶಾಲೆಯಲ್ಲಿ ಇಂಥದೊಂದು ಸಭೆ ನಡೆಯಲೆಂದು ಆಡಳಿತ ಮಂಡಳಿಯವರನ್ನು ಕೇಳಬೇಕು.

ಅದಕ್ಕಿಂತ ಮೊದಲು ಇಂದು ಸಂಜೆಯೇ ಆಗಬಹುದಾದ ಕೆಲಸವೊಂದಿದೆ. ಶಾಲೆಯಿಂದ ಬಂದ ಮೊಮ್ಮಗುವನ್ನು ಎಷ್ಟು ಅಂಕ ಬಂತೆಂದು ಕೇಳುವ ಮುನ್ನ, ನಿಮ್ಮ ಶಾಲೆಯಲ್ಲಿ ಏನು ಬದಲಾಗಬೇಕಪ್ಪ ಎಂದು ಕೇಳಿ. ಅದು ಹೇಳುವಾಗ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ. ಕೇಳಿದ ಮಾತಿನಲ್ಲಿ ಒಂದನ್ನಾದರೂ ಶಾಲೆಯ ಬಾಗಿಲಿಗೆ ಮುಟ್ಟಿಸಿ. ಮನೆಯ ಹಿರಿಯರಿಂದ ಶುರುವಾದದ್ದು ಊರಿಗೆ ಹರಡಲು ಹೆಚ್ಚು ದಿನ ಬೇಕಾಗುವುದಿಲ್ಲ.